ಶಟರ್‌ಗೆ ಎರಡು ಕೀಲಿ, ಜಾಲಕ್ಕೆ ಒಂದೂ ಇಲ್ಲ!

ರಾತ್ರಿ ಒಂಬತ್ತು ಹೊಡೆಯಿತೆಂದರೆ ನಮ್ಮ ಯಾದಗಿರಿಯ ಗಾಂಧಿ ಚೌಕದಲ್ಲಿ ಒಂದಾದ ಮೇಲೊಂದು ಶಟರ್ ಇಳಿಯುವ ಸದ್ದು ಕೇಳುತ್ತದೆ. ಸಾಹುಕಾರರು ಎಡಕ್ಕೊಂದು ಬಲಕ್ಕೊಂದು ಕೀಲಿ ಜಡಿಯುತ್ತಾರೆ. ಜಡಿದ ಮೇಲೆ ಎರಡು ಸಲ ಜಗ್ಗಿ ನೋಡುತ್ತಾರೆ. ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು ಮೂರನೇ ಸಲ ಜಗ್ಗುತ್ತಾರೆ. ಶಹಾಪುರದಲ್ಲೂ ಇದೇ, ಸುರಪುರದ ರಂಗಂಪೇಟೆಯಲ್ಲೂ ಇದೇ. ತಪ್ಪೇನಿಲ್ಲ. ದುಡಿದು ಕೂಡಿಸಿದ ರೊಕ್ಕ, ಕಾಯಲೇಬೇಕು.

ಆದರೆ ಅದೇ ಶಟರ್ ಹಿಂದೆ, ಗಲ್ಲಾ ಪೆಟ್ಟಿಗೆಯ ಮೇಲಿನ ಹಲಗೆಯಲ್ಲಿ ಒಂದು ಸಣ್ಣ ಡಬ್ಬಿ ಮಿಣಮಿಣ ಅನ್ನುತ್ತಾ ಬೆಳತನಕ ಎಚ್ಚರ ಇರುತ್ತದೆ. ವೈಫೈ ಡಬ್ಬಿ. ಅದರ ಪಕ್ಕದಲ್ಲಿ ಸಿಸಿ ಕ್ಯಾಮೆರಾದ ಪೆಟ್ಟಿಗೆ. ಕೆಳಗೆ ಲೆಕ್ಕ ಬರೆಯುವ ಕಂಪ್ಯೂಟರ್. ಅಂಗಡಿಗೆ ಇವು ಹಿತ್ತಲ ಬಾಗಿಲು ಇದ್ದ ಹಾಗೆ. ಈ ಬಾಗಿಲಿಗೆ ಕೀಲಿ ಹಾಕಿದವರು ಎಷ್ಟು ಜನ?

ಮೊನ್ನೆ ಶಹಾಪುರ ಬಸ್‌ಸ್ಟ್ಯಾಂಡ್ ಹತ್ತಿರ ಕಿರಾಣಿ ಅಂಗಡಿಯ ಹಿರಿಯರೊಬ್ಬರನ್ನು ಕೇಳಿದೆ. "ಕಾಕಾ, ಈ ಡಬ್ಬಿಗೆ ಪಾಸ್‌ವರ್ಡ್ ಏನು ಇಟ್ಟೀರಿ?"

"ಕೂಡಿಸ್ಲಿಕ್ಕೆ ಬಂದ ಹುಡುಗ ಏನು ಇಟ್ಟು ಹೋದನೋ ಅದೇ ಅದ ತಮ್ಮಾ. ಡಬ್ಬಿ ಕೆಳಗ ಚೀಟಿ ಹಚ್ಚ್ಯಾನ, ಓದ್ಕೋ" ಅಂದರು. ಅಷ್ಟಕ್ಕೇ ಬಿಡಲಿಲ್ಲ. "ನಮ್ಮ ಹತ್ರ ಕದೀಲಿಕ್ಕೆ ಏನದಪಾ? ಸಕ್ರಿ, ಬ್ಯಾಳಿ ಕಂಪ್ಯೂಟರ್‌ನಾಗಿಂದ ಕದ್ಕೊಂಡು ಹೋಗ್ತಾರೇನು?" ಎಂದು ನಕ್ಕರು. ಅಂಗಡಿ ಮುಂದೆ ನಿಂತಿದ್ದ ನಾಲ್ಕು ಮಂದಿಯೂ ನಕ್ಕರು.

ಆ ನಗೆಗೆ ಉತ್ತರ ಕೊಡಲಿಕ್ಕೇ ಇವತ್ತಿನ ಅಂಕಣ. ಹೇಳಬೇಕಾದ ಮಾತು ಒಂದೇ. ಜಾಲ ಅಂದ ಮೇಲೆ "ನನ್ನ ಬಾಗಿಲು, ನನ್ನ ಇಷ್ಟ" ಅನ್ನುವ ಹಾಗಿಲ್ಲ. ಒಬ್ಬ ತೆರೆದಿಟ್ಟ ಬಾಗಿಲಿಂದ ಕಳ್ಳ ಹತ್ತು ಜನರ ಮನೆಗೆ ನುಗ್ಗುತ್ತಾನೆ. ಇದು ಅಂಗಡಿಕಾರನಿಗೂ ಅನ್ವಯಿಸುತ್ತದೆ, ಸರ್ಕಾರಿ ಕಚೇರಿಗೂ ಅನ್ವಯಿಸುತ್ತದೆ. ಕಚೇರಿಗೆ ಒಂದು ಕೈ ಹೆಚ್ಚೇ ಅನ್ವಯಿಸುತ್ತದೆ.

ಹೆಬ್ಬೆಟ್ಟು ಬಜಾರಕ್ಕೆ ಬಂದ ಕಥೆ

2023ರ ಮಾತು. ರಾಜ್ಯದ ಹಲವು ಕಡೆ ಜನರ ಬ್ಯಾಂಕ್ ಖಾತೆಯಿಂದ ರೊಕ್ಕ ಮಾಯವಾಗತೊಡಗಿತು. ಯಾರೂ ಫೋನ್ ಮಾಡಿರಲಿಲ್ಲ, ಯಾರೂ ಓಟಿಪಿ ಕೇಳಿರಲಿಲ್ಲ. ಎಟಿಎಂ ಕಾರ್ಡು ಮನೆಯ ಪೆಟ್ಟಿಗೆಯಲ್ಲೇ ಇತ್ತು. ಆದರೂ ರೊಕ್ಕ ಹೋಗಿತ್ತು.

ಹೋದದ್ದು ಹೆಬ್ಬೆಟ್ಟಿನ ದಾರಿಯಿಂದ. ನಮ್ಮ ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರ ಅನ್ನುವವರು ಒಂದು ಸಣ್ಣ ಯಂತ್ರ ಇಟ್ಟುಕೊಂಡು ಕೂಡುವುದನ್ನು ಎಲ್ಲರೂ ನೋಡಿದ್ದೀರಿ. ಆಧಾರ್ ನಂಬರು ಹೇಳಿ, ಬ್ಯಾಂಕ್ ಯಾವುದೆಂದು ಹೇಳಿ, ಬೆರಳು ಇಟ್ಟರೆ ರೊಕ್ಕ ಕೈಗೆ ಬರುತ್ತದೆ. ಒಂದು ಸಲಕ್ಕೆ 10,000 ರೂಪಾಯಿವರೆಗೆ. ಇದಕ್ಕೆ ಎಇಪಿಎಸ್ ಎಂದು ಹೆಸರು. ಪಿನ್ ಬೇಡ, ಕಾರ್ಡು ಬೇಡ, ಓದು ಬರಹ ಬೇಡ. ಪಿಂಚಣಿ ತೆಗೆಯಲಿಕ್ಕೆ ಕೆಂಭಾವಿಗೋ ಹುಣಸಗಿಗೋ ಬಸ್ಸಿಗೆ ಕಾಯಬೇಕಾಗಿದ್ದ ಮುದುಕಿಗೆ ಇದು ನಿಜವಾಗಿಯೂ ದೊಡ್ಡ ಉಪಕಾರ. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಕಳ್ಳರು ಯೋಚಿಸಿದ್ದು ಹೀಗೆ. ಬೆರಳಿನ ಗುರುತು ಮತ್ತು ಆಧಾರ್ ನಂಬರು, ಎರಡೂ ಒಂದೇ ಕಾಗದದ ಮೇಲೆ ಎಲ್ಲಿ ಸಿಗುತ್ತದೆ? ಹೊಲ, ಮನೆ, ಪ್ಲಾಟು ಖರೀದಿ ಮಾಡಿದ ನೋಂದಣಿ ಪತ್ರದ ಮೇಲೆ! ಆ ಪತ್ರಗಳು ಎಲ್ಲಿವೆ? ಸರ್ಕಾರದ ಕಾವೇರಿ 2.0 ಜಾಲತಾಣದಲ್ಲಿ. ಫೀ ಕಟ್ಟಿದರೆ ಯಾರು ಬೇಕಾದರೂ ನಕಲು ತೆಗೆಯಬಹುದಿತ್ತು. ಕಳ್ಳರು ಬೀಗ ಒಡೆಯಲಿಲ್ಲ. ಮುಂದಿನ ಬಾಗಿಲಿಂದಲೇ ಒಳಗೆ ಬಂದು ನಕಲು ಇಳಿಸಿಕೊಂಡರು. ಬೆರಳಿನ ಗುರುತಿನಿಂದ ನಕಲಿ ಬೆರಳು ಮಾಡಿದರು. ಯಂತ್ರದ ಮೇಲೆ ಒತ್ತಿದರು, ರೊಕ್ಕ ತೆಗೆದರು. ಮಂಗಳೂರು ಪೊಲೀಸರು ಬೆನ್ನು ಹತ್ತಿ ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದ ಮೇಲೆ ಈ ಗುಟ್ಟು ರಟ್ಟಾಯಿತು.

ಆಮೇಲೆ ಸರ್ಕಾರ ಆನ್‌ಲೈನ್ ಪ್ರತಿಗಳಲ್ಲಿ ಬೆರಳಿನ ಗುರುತು ಮತ್ತು ಆಧಾರ್ ನಂಬರು ಕಾಣದಂತೆ ಮರೆಮಾಡುವ ವ್ಯವಸ್ಥೆ ಮಾಡಿತು. ಒಳ್ಳೆಯದೇ. ಆದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಪಾಸ್‌ವರ್ಡ್ ಕಳುವಾದರೆ ಬೇರೆ ಇಟ್ಟುಕೊಳ್ಳಬಹುದು. ಕಾರ್ಡು ಕಳೆದರೆ ಬ್ಯಾಂಕಿನವರು ಹೊಸದು ಕೊಡುತ್ತಾರೆ. ಹೆಬ್ಬೆಟ್ಟು ಕಳುವಾದರೆ ಹೊಸ ಹೆಬ್ಬೆಟ್ಟು ಯಾವ ಕಚೇರಿಯಲ್ಲಿ ಕೊಡುತ್ತಾರೆ? ಅರ್ಜಿ ಯಾರಿಗೆ ಬರೆಯಬೇಕು?

ಈ ಪ್ರಶ್ನೆ ಬೆಂಗಳೂರಿಗಿಂತ ನಮ್ಮ ಜಿಲ್ಲೆಗೆ ಹೆಚ್ಚು ಸಂಬಂಧಪಟ್ಟದ್ದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83. ಇಡೀ ರಾಜ್ಯದಲ್ಲಿ ಕಡೆಯ ಸ್ಥಾನ. ಅಂದರೆ ಬೇರೆ ಜಿಲ್ಲೆಯಲ್ಲಿ ಸಹಿ ಮಾಡುವ ಕಡೆ ನಮ್ಮಲ್ಲಿ ಅರ್ಧದಷ್ಟು ಮಂದಿ ಹೆಬ್ಬೆಟ್ಟು ಒತ್ತಿಕೊಂಡು ಬಂದವರು. ನಮ್ಮವರ ಹೆಬ್ಬೆಟ್ಟೇ ನಮ್ಮವರ ಸಹಿ, ನಮ್ಮವರ ಕೀಲಿ. ಅದನ್ನು ಹಾದಿಬೀದಿಯಲ್ಲಿ ಇಟ್ಟರೆ ಮೊದಲು ನಷ್ಟ ಆಗುವುದು ಯಾರಿಗೆ, ಹೇಳಬೇಕೇ?

ಬಸ್ಸಿನ ಬಾಗಿಲಿಗೆ ಜೋತುಬಿದ್ದವರು

ಅದೇ ಕಾವೇರಿ ತಾಣಕ್ಕೆ 2025ರ ಜನವರಿಯಲ್ಲಿ ಮತ್ತೊಂದು ಗಂಡಾಂತರ ಬಂತು. ಈ ಸಲ ಕಳ್ಳತನ ಅಲ್ಲ, ದೊಂಬಿ. ರಾಜ್ಯದ ರಜಿಸ್ಟ್ರಿ ಆಫೀಸುಗಳಲ್ಲಿ ಕೆಲಸ ನಿಂತುಹೋಯಿತು. ಖರೀದಿಗೆ ಬಂದವರು ಸಾಕ್ಷಿದಾರರನ್ನು ಕಟ್ಟಿಕೊಂಡು ಬೆಳಗಿನಿಂದ ಕಾಯುವುದು, "ಸರ್ವರ್ ಇಲ್ಲ" ಅನ್ನಿಸಿಕೊಂಡು ಸಂಜೆ ಬಸ್ಸಿಗೆ ತಿರುಗುವುದು.

ಸರ್ವರ್ ಯಾಕೆ ಇರಲಿಲ್ಲ? ಸುರಪುರದ ಬಸ್ಸು ಹಿಡಿಯುವವರಿಗೆ ಒಂದೇ ಮಾತಿನಲ್ಲಿ ತಿಳಿಯುತ್ತದೆ. ಬಸ್ಸು ಬಂದು ನಿಂತಿದೆ ಎಂದುಕೊಳ್ಳಿ. ಎಲ್ಲಿಗೂ ಹೋಗಬೇಕಾಗಿಲ್ಲದ ಆರುನೂರು ಜನ ಏಕದಂ ಬಾಗಿಲಿಗೆ ಮುಕುರಿಕೊಂಡು "ಹುಣಸಗಿಗೆ ಎಷ್ಟ್ರೀ? ಭೀಮರಾಯನಗುಡಿಗೆ ಎಷ್ಟ್ರೀ?" ಎಂದು ಕಂಡಕ್ಟರ್‌ನನ್ನು ಕೇಳುತ್ತಾರೆ. ಟಿಕೆಟ್ ತಗೊಳ್ಳುವುದಿಲ್ಲ, ಇಳಿಯುವುದಿಲ್ಲ, ದಾರಿಯನ್ನೂ ಬಿಡುವುದಿಲ್ಲ. ಬಸ್ಸು ಮುರಿದಿಲ್ಲ, ಗಾಲಿ ಒಡೆದಿಲ್ಲ, ಡ್ರೈವರ್ ಇದ್ದಾನೆ. ಆದರೂ ನಿಜವಾದ ಪ್ರಯಾಣಿಕ ಚೀಲ ಹಿಡಿದು ಕೆಳಗೇ ನಿಂತಿದ್ದಾನೆ.

ಕಾವೇರಿಗೆ ಆದದ್ದು ಇದೇ. ಖೊಟ್ಟಿ ಖಾತೆ ತೆರೆದು ಇಸಿ, ಅಂದರೆ ಋಣಭಾರ ಪತ್ರ ಬೇಕೆಂದು ಸುಳ್ಳು ವಿನಂತಿಗಳ ಮಳೆ ಸುರಿಸಿದರು. ಒಂದು ಸಲವಂತೂ ಎರಡು ತಾಸಿನಲ್ಲಿ 6.2 ಲಕ್ಷ ವಿನಂತಿ! ಇದರ ಹಿಂದೆ 62 ಇಮೇಲ್ ಖಾತೆ, 14 ಐಪಿ ವಿಳಾಸ ಇದ್ದವೆಂದು ಹೊರಬಿತ್ತು. ಬೆಂಗಳೂರಿನಲ್ಲಿ ಸೈಬರ್ ಪೊಲೀಸರಿಗೆ ದೂರು ಹೋಯಿತು. ಈ ಬಗೆಯ ದಾಳಿಗೆ ಡಿಡಾಸ್ ಎನ್ನುತ್ತಾರೆ. ಹೆಸರು ಏನಾದರೂ ಇರಲಿ, ಹೊಲದ ವ್ಯವಹಾರಕ್ಕೆ ಮುಂಗಡ ಕೊಟ್ಟು ಮುಹೂರ್ತ ನೋಡಿ ಬಂದ ರೈತನಿಗೆ ಅದು ವ್ಯರ್ಥವಾದ ಒಂದು ದಿನ, ವ್ಯರ್ಥವಾದ ಬಸ್ ಚಾರ್ಜು.

ನಿಮ್ಮ ಕ್ಯಾಮೆರಾ ಯಾರ ಗುಲಾಮ?

ಈಗ ಕಾಕಾನ ಸಕ್ಕರೆ ಬೇಳೆಗೆ ಬರೋಣ. "ನಮ್ಮ ಹತ್ರ ಏನದ?" ಎಂದು ಅವರು ಕೇಳಿದರಲ್ಲ, ಉತ್ತರ ಇಲ್ಲಿದೆ. ಕಳ್ಳನಿಗೆ ನಿಮ್ಮ ಸಕ್ಕರೆ ಬೇಡ. ನಿಮ್ಮ ಡಬ್ಬಿ ಬೇಕು.

2016ರಲ್ಲಿ ಮಿರಾಯ್ ಅನ್ನುವ ಒಂದು ದುಷ್ಟ ತಂತ್ರಾಂಶ ಲೋಕವೆಲ್ಲ ಸುತ್ತಿತು. ಅದು ಮಾಡಿದ್ದು ಬಹಳ ಸರಳ ಕೆಲಸ. ಅಂಗಡಿ ಮನೆಗಳ ಸಿಸಿ ಕ್ಯಾಮೆರಾ, ವೈಫೈ ಡಬ್ಬಿಗಳ ಬಾಗಿಲು ತಟ್ಟಿ, ಕಂಪನಿಯವರೇ ಇಟ್ಟು ಕಳಿಸಿದ ಅರವತ್ತು ಚಿಲ್ಲರೆ ಹೆಸರು ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಚ್ಚಿ ನೋಡಿತು. ಲಕ್ಷಗಟ್ಟಲೆ ಬಾಗಿಲು ತೆರೆದವು. ಯಾಕೆಂದರೆ ಯಾರೂ ಆ ಪಾಸ್‌ವರ್ಡ್ ಬದಲಿಸಿರಲಿಲ್ಲ. ಆ ಲಕ್ಷ ಯಂತ್ರಗಳನ್ನೇ ದೊಂಬಿ ಕಟ್ಟಿಸಿ ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದ ಡಿನ್ ಎಂಬ ಕಂಪನಿಯ ಮೇಲೆ ಬಿಟ್ಟರು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ದೊಡ್ಡ ತಾಣಗಳೇ ತಾಸುಗಟ್ಟಲೆ ಸಿಗಲಿಲ್ಲ. ದಾಳಿಗೆ ಬಳಕೆಯಾದ ಕ್ಯಾಮೆರಾದ ಒಡೆಯರಿಗೆ ಸುದ್ದಿಯೇ ಇಲ್ಲ. ಅವರು ತಮ್ಮ ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುತ್ತಿದ್ದರು.

ಅಂಗಡಿ ಕಾಯಲಿಕ್ಕೆ ತಂದ ಕ್ಯಾಮೆರಾ ಇನ್ನೊಬ್ಬನ ಮನೆಗೆ ಕಲ್ಲು ಹೊಡೆಯುವುದು ಅಂದರೆ ಇದೇ. ನಾಳೆ ನಿಮ್ಮ ವೈಫೈ ಹಿಡಿದು ಯಾರೋ ಯಾರಿಗೋ ಮೋಸ ಮಾಡಿದರೆ, ಪೊಲೀಸರ ಕೈಗೆ ಮೊದಲು ಸಿಗುವ ವಿಳಾಸ ನಿಮ್ಮ ಅಂಗಡಿಯದು. "ನಂಗೇನ್ ಗೊತ್ತಿಲ್ರೀ ಸಾಹೇಬ್ರ" ಅನ್ನುತ್ತಾ ಠಾಣೆ ಮೆಟ್ಟಿಲು ಹತ್ತುವುದು ನಿಮ್ಮ ಪಾಲಿಗೆ ಬರುತ್ತದೆ.

ಬೇರೆಯವರ ತೂತಿನಿಂದ ನಮಗೆ ನೀರು ನುಗ್ಗುವುದಕ್ಕೂ ಉದಾಹರಣೆ ಇದೆ. 2024ರ ಜುಲೈ ಕೊನೆಗೆ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ ರಾನ್ಸಮ್‌ವೇರ್ ದಾಳಿ ಆಯಿತು. ರಾನ್ಸಮ್‌ವೇರ್ ಅಂದರೆ ನಿಮ್ಮ ದಫ್ತರವನ್ನು ನಿಮ್ಮದೇ ಪೆಟ್ಟಿಗೆಯಲ್ಲಿ ಹಾಕಿ, ಕಳ್ಳ ತನ್ನ ಕೀಲಿ ಜಡಿದು, ಬಿಡಿಸಲು ರೊಕ್ಕ ಕೇಳುವ ದಂಧೆ. ಆ ಕಂಪನಿ ದೇಶದ ಸಹಕಾರಿ ಬ್ಯಾಂಕುಗಳಿಗೆ, ಗ್ರಾಮೀಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಕೊಡುತ್ತಿತ್ತು. ರೋಗ ಹಬ್ಬಬಾರದೆಂದು ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸಂಪರ್ಕವನ್ನೇ ತಾತ್ಕಾಲಿಕವಾಗಿ ಕಡಿದು ಹಾಕಬೇಕಾಯಿತು. ಒಂದು ಕಡೆ ಬಿದ್ದ ತೂತಿಗೆ 300 ಬ್ಯಾಂಕಿನ ಗಿರಾಕಿಗಳು ದಂಡ ತೆತ್ತರು.

ನಮ್ಮದೂ ತೂತೇ

ಇಷ್ಟೆಲ್ಲ ಉಪದೇಶ ಬರೆಯುವ ಈ ಮನುಷ್ಯನದೇನು ಎಂದು ನೀವು ಕೇಳಬಹುದು. ಒಪ್ಪಿಕೊಂಡುಬಿಡುತ್ತೇನೆ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು, ಕಂಪ್ಯೂಟರ್ ವಿದ್ಯೆ ಕಲಿತವನಲ್ಲ. ನಮ್ಮ ಪತ್ರಿಕೆ ಕಚೇರಿಯ ವೈಫೈಗೆ ಬಹಳ ದಿನ ಪತ್ರಿಕೆಯ ಹೆಸರು, ಅದರ ಮುಂದೆ ಒಂದು ಎರಡು ಮೂರು, ಇದೇ ಪಾಸ್‌ವರ್ಡ್ ಇತ್ತು. ಒಂದು ದಿನ ಚಹಾ ತರುವ ಹುಡುಗ ನಮ್ಮ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಸಿನಿಮಾ ನೋಡುತ್ತಿದ್ದ. "ಏ ತಮ್ಮಾ, ಯಾರು ಕೊಟ್ರೋ ಪಾಸ್‌ವರ್ಡ್?" ಅಂದೆ. "ಯಾರೂ ಕೊಟ್ಟಿಲ್ರೀ ಅಣ್ಣಾ. ಹೊರಗ ಬೋರ್ಡಿನ ಮ್ಯಾಲ ಹೆಸರು ಅದಲ್ರೀ, ಅದಕ್ಕ ಒಂದು ಎರಡು ಮೂರು ಹಚ್ಚಿದೆ, ತೆರೀತು" ಅಂದ!

ಅವನು ಸಿನಿಮಾ ನೋಡಿದ, ನಮ್ಮ ಪುಣ್ಯ. ಹತ್ತನೇ ತರಗತಿ ಹುಡುಗನಿಗೆ ಅರ್ಧ ನಿಮಿಷದಲ್ಲಿ ತೆರೆದ ಬೀಗ ಕಳ್ಳನಿಗೆ ಎಷ್ಟು ಹೊತ್ತು ಬೇಕು? ಅವತ್ತೇ ಬದಲಿಸಿದೆವು. ಖರ್ಚಾದದ್ದು ಹದಿನೈದು ನಿಮಿಷ, ರೊಕ್ಕ ಒಂದು ಪೈಸೆಯೂ ಇಲ್ಲ.

ಅಂಗಡಿಯವರು ಮಾಡಬೇಕಾದ್ದು

ಶಟರ್‌ಗೆ ಎರಡು ಕೀಲಿ ಇದ್ದಂತೆ ವೈಫೈ ಡಬ್ಬಿಗೂ ಎರಡು ಕೀಲಿ ಇರುತ್ತವೆ. ಇದು ಬಹಳ ಜನರಿಗೆ ತಿಳಿದಿಲ್ಲ. ಒಂದು, ಮೊಬೈಲಿನಲ್ಲಿ ವೈಫೈ ಹಚ್ಚುವಾಗ ಹಾಕುವ ಪಾಸ್‌ವರ್ಡ್. ಇನ್ನೊಂದು, ಡಬ್ಬಿಯ ಒಳಗಿನ ವ್ಯವಸ್ಥೆಯನ್ನೇ ಬದಲಿಸಲು ಹಾಕುವ ಪಾಸ್‌ವರ್ಡ್. ಎರಡನೆಯದು ಎಷ್ಟೋ ಕಡೆ "ಅಡ್ಮಿನ್" ಎಂದೇ ಉಳಿದಿರುತ್ತದೆ. ಡಬ್ಬಿ ಕೂಡಿಸಿದ ಹುಡುಗನನ್ನೇ ಕರೆದು, ಎದುರಿಗೆ ಕೂಡಿಸಿಕೊಂಡು, ಎರಡನ್ನೂ ಬದಲಿಸಿರಿ. ಬದಲಿಸುವಾಗ ಅವನ ಮುಖ ಆ ಕಡೆ ಇರಲಿ.

ಪಾಸ್‌ವರ್ಡ್ ಉದ್ದ ಇರಲಿ. ಅಂಗಡಿ ಹೆಸರು, ಮಗನ ಹೆಸರು, ಮೊಬೈಲ್ ನಂಬರು ಬೇಡ. ನಿಮಗೆ ಮಾತ್ರ ನೆನಪಿರುವ ಒಂದು ಮನೆಮಾತು ಸಾಕು. ಅಜ್ಜನ ಹೊಲದಲ್ಲಿ ಎಷ್ಟು ಬೇವಿನ ಗಿಡ ಇದ್ದವು, ಯಾವ ಎತ್ತಿಗೆ ಏನು ಹೆಸರು ಇತ್ತು, ಹೀಗೆ ನಾಲ್ಕೈದು ಶಬ್ದ ಕೂಡಿಸಿದರೆ ಅದನ್ನು ಒಡೆಯುವುದು ಕಳ್ಳನಿಗೆ ಕಷ್ಟ, ನೆನಪಿಡುವುದು ನಿಮಗೆ ಸುಲಭ. ಗಿರಾಕಿಗಳಿಗೆ ವೈಫೈ ಕೊಡುವ ಚಾದಂಗಡಿ, ಖಾನಾವಳಿಯವರು "ಗೆಸ್ಟ್" ಎಂಬ ಬೇರೆ ದಾರಿ ಮಾಡಿಸಿರಿ. ಗಿರಾಕಿ ಕೂಡುವ ಬೆಂಚು ಬೇರೆ, ಗಲ್ಲಾ ಪೆಟ್ಟಿಗೆ ಇರುವ ಜಾಗ ಬೇರೆ ಅಲ್ಲವೇ? ಇದೂ ಹಾಗೇ. ಕ್ಯಾಮೆರಾದ ಪಾಸ್‌ವರ್ಡ್ ಕೂಡ ಬದಲಿಸಿರಿ. ಮೊಬೈಲಿನಲ್ಲಿ ಅಂಗಡಿ ನೋಡುವ ಚಟ ಇಲ್ಲದವರು ಕ್ಯಾಮೆರಾಕ್ಕೆ ಇಂಟರ್‌ನೆಟ್ ತಂತಿಯನ್ನೇ ಕೊಡಬೇಡಿರಿ.

ಇನ್ನು ಕಂಪ್ಯೂಟರ್. "ಅಪ್‌ಡೇಟ್ ಮಾಡು" ಎಂದು ಅದು ಕೇಳಿದಾಗಲೆಲ್ಲ "ಆಮ್ಯಾಲ" ಎಂದು ಒತ್ತುವವರೇ ಹೆಚ್ಚು. 2017ರ ಮೇ 12ರಂದು ವನ್ನಾಕ್ರೈ ಎಂಬ ಪೀಡೆ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್ ಹಿಡಿದು ಕೀಲಿ ಜಡಿಯಿತು. ಅದಕ್ಕೆ ಮದ್ದು ಎರಡು ತಿಂಗಳು ಮುಂಚೆಯೇ, ಮಾರ್ಚಿನಲ್ಲೇ ಬಂದಿತ್ತು! "ಆಮ್ಯಾಲ" ಅಂದವರು ಕೆಟ್ಟರು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿಯ ಸಾಮಾನ್ಯ ಆರೈಕೆ ಮುಗಿದಿದೆ. ಅಂಥ ಹಳೆಯ ಕಂಪ್ಯೂಟರ್‌ನಲ್ಲಿ ಲೆಕ್ಕ ಬರೆಯುವುದಿದ್ದರೆ ಬರೆಯಿರಿ, ಆದರೆ ಅದರಲ್ಲೇ ಬ್ಯಾಂಕ್ ವ್ಯವಹಾರ ಬೇಡ.

ಅಡತಿ ಅಂಗಡಿಯವರು ಮುಖ್ಯವಾಗಿ ಕೇಳಬೇಕು. ರೈತರ ಬಾಕಿ, ಮುಂಗಡ, ಹತ್ತಿ ತೊಗರಿಯ ಲೆಕ್ಕ ಎಲ್ಲವೂ ಈಗ ಒಂದೇ ಕಂಪ್ಯೂಟರ್‌ನಲ್ಲಿ ಇದೆ. 2022ರ ನವೆಂಬರ್‌ನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗೆ ಹೀಗೆಯೇ ಕೀಲಿ ಬಿದ್ದಾಗ ಅಷ್ಟು ದೊಡ್ಡ ಆಸ್ಪತ್ರೆ ಸುಮಾರು ಎರಡು ವಾರ ಕೈಬರಹದ ಚೀಟಿಯಲ್ಲಿ ಕೆಲಸ ನಡೆಸಿತು. ನಿಮ್ಮ ಅಂಗಡಿ ಎಷ್ಟು ದಿನ ತಾಳೀತು? ವಾರಕ್ಕೆ ಒಂದು ಸಲ ಲೆಕ್ಕದ ನಕಲನ್ನು ಪೆನ್‌ಡ್ರೈವ್‌ಗೋ ಹಾರ್ಡ್‌ಡಿಸ್ಕಿಗೋ ಇಳಿಸಿ, ಕಿತ್ತು, ಮನೆಯ ತಿಜೋರಿಯಲ್ಲಿ ಇಡಿರಿ. ಕಂಪ್ಯೂಟರ್‌ಗೆ ಸಿಕ್ಕಿಸಿಯೇ ಬಿಟ್ಟರೆ ಅದಕ್ಕೂ ಕೀಲಿ ಬೀಳುತ್ತದೆ. ನೆನಪಿರಲಿ.

ಬಸ್ಸಿನಲ್ಲಿ ಕೂತವರಿಗೆ

ಈ ಪತ್ರಿಕೆಯನ್ನು ಸಂಜೆ ಬಸ್ಸಿನಲ್ಲಿ ಓದುವವರು ಬಹಳ ಜನ. ನಿಮ್ಮ ಅಂಗಡಿ ನಿಮ್ಮ ಕಿಸೆಯಲ್ಲೇ ಇದೆ, ಅದೇ ಮೊಬೈಲ್. ವಾಟ್ಸಾಪ್‌ನಲ್ಲಿ ಮದುವೆ ಲಗ್ನಪತ್ರಿಕೆ, ಗಾಡಿಯ ದಂಡದ ಚೀಟಿ, ಸರ್ಕಾರದ ಯೋಜನೆ ಎಂದು ಬರುವ ಕಡತದ ಬಾಲದಲ್ಲಿ "ಎಪಿಕೆ" ಎಂಬ ಮೂರು ಅಕ್ಷರ ಇದ್ದರೆ ಮುಟ್ಟಬೇಡಿರಿ. ಲಗ್ನಪತ್ರಿಕೆ ಚಿತ್ರವಾಗಿ ಬರುತ್ತದೆ, ಆ್ಯಪ್ ಆಗಿ ಬರುವುದಿಲ್ಲ. ಅದನ್ನು ಕೂಡಿಸಿ ಅನುಮತಿ ಕೊಟ್ಟಿರೋ, ನಿಮಗೆ ಬರುವ ಓಟಿಪಿ ಕಳ್ಳನಿಗೂ ಬರುತ್ತದೆ. ಸೋದರಮಾವನ ನಂಬರಿನಿಂದಲೇ ಬಂದಿದ್ದರೂ ಮೊದಲು ಅವರಿಗೆ ಫೋನ್ ಮಾಡಿ ಕೇಳಿರಿ. ಅವರ ಮೊಬೈಲ್ ಕೆಟ್ಟವರ ಕೈಗೆ ಸಿಕ್ಕಿರಬಹುದು. ಒಬ್ಬರ ತೂತಿನಿಂದ ಇನ್ನೊಬ್ಬರಿಗೆ ಅಂದೆನಲ್ಲ, ಇದೂ ಅದೇ.

ಇನ್ನೊಂದು ಮಾತು. ರೊಕ್ಕ ಕೊಡಲಿಕ್ಕೆ ಪಿನ್ ಬೇಕು, ಪಡೆಯಲಿಕ್ಕೆ ಪಿನ್ ಬೇಡ. ಈ ಒಂದು ಸಾಲನ್ನು ಮನೆಯವರಿಗೆಲ್ಲ ಬಾಯಿಪಾಠ ಮಾಡಿಸಿರಿ.

ಹೆಬ್ಬೆಟ್ಟಿಗೆ ಕೀಲಿ ಹೇಗೆ?

ಹೆಬ್ಬೆಟ್ಟಿಗೂ ಕೀಲಿ ಹಾಕಬಹುದು. ಬಹಳ ಮಂದಿಗೆ ಇದು ಗೊತ್ತೇ ಇಲ್ಲ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ, ಆ್ಯಪ್‌ನಲ್ಲಿ ಅಥವಾ ಆಧಾರ್ ಕೇಂದ್ರಕ್ಕೆ ಹೋಗಿ "ಬಯೋಮೆಟ್ರಿಕ್ ಲಾಕ್" ಮಾಡಿಸಬಹುದು. ಲಾಕ್ ಆದ ಮೇಲೆ ನಿಮ್ಮ ಬೆರಳನ್ನು, ಅಸಲಿಯಾಗಲಿ ನಕಲಿಯಾಗಲಿ, ಯಾವ ಯಂತ್ರವೂ ಒಪ್ಪುವುದಿಲ್ಲ. ಬೇಕಾದಾಗ ಬಿಡಿಸಿಕೊಳ್ಳಬಹುದು. ಆಧಾರ್‌ಗೆ ನಿಮ್ಮ ಮೊಬೈಲ್ ನಂಬರು ಜೋಡಿಸಿರಬೇಕು ಅಷ್ಟೇ.

ಆದರೆ ಇಲ್ಲೊಂದು ತೊಡಕಿದೆ. ಸುರಪುರದ ಕಡೆಯ ಒಬ್ಬ ಹಿರಿಯ ತಾಯಿಗೆ ಈ ಲಾಕ್ ವಿಷಯ ಹೇಳಿದಾಗ ಆಕೆ ಕೇಳಿದ ಪ್ರಶ್ನೆಗೆ ನನ್ನ ಬಾಯಿ ಕಟ್ಟಿತು. "ಯಪ್ಪಾ, ಬಟ್ಟಿಗೆ ಕೀಲಿ ಹಾಕಿದ್ರ ರೇಷನ್ ಅಕ್ಕಿ ಹ್ಯಾಂಗ ಕೊಡ್ತಾರ? ಪಗಾರ ಹ್ಯಾಂಗ ತೆಗೀಲಿ? ನನ್ನ ಫೋನು ಮಗನ ಹತ್ರ ಅದ, ಮಗ ಪುಣೇದಾಗ ಅದಾನ."

ಆಕೆ ಕೇಳಿದ್ದು ಸರಿ. ಲಾಕ್ ಮಾಡಿದರೆ ರೇಷನ್ ಅಂಗಡಿಯ ಯಂತ್ರವೂ ಬೆರಳು ಒಪ್ಪುವುದಿಲ್ಲ. ಹಾಗಾಗಿ ಓದು ಬರಹ, ಮೊಬೈಲ್ ಇರುವವರು ಇವತ್ತೇ ಲಾಕ್ ಮಾಡಿರಿ. ಮನೆಯಲ್ಲಿ ರೇಷನ್‌ಗೆ ಬೆರಳು ಕೊಡುವ ಒಬ್ಬರನ್ನು ಬಿಟ್ಟು ಉಳಿದವರದು ಲಾಕ್ ಇರಲಿ. ಬೆರಳಿನಿಂದ ರೊಕ್ಕ ತೆಗೆಯುವ ಪ್ರಸಂಗವೇ ಇಲ್ಲದ ಖಾತೆಗೆ ಎಇಪಿಎಸ್ ಬಂದ್ ಮಾಡಿರೆಂದು ಬ್ಯಾಂಕಿಗೆ ಬರೆದು ಕೊಡಿರಿ. ಹೊಲ ಮಾರಿದ ರೊಕ್ಕ, ಮಗಳ ಮದುವೆಗೆ ಕೂಡಿಟ್ಟ ರೊಕ್ಕವನ್ನು ಹೆಬ್ಬೆಟ್ಟಿಗೆ ತೆರೆಯುವ ಖಾತೆಯಲ್ಲಿ ಬಿಡಬೇಡಿರಿ.

ಇಷ್ಟಾಗಿಯೂ ಎಚ್ಚರ ತಪ್ಪಿ ರೊಕ್ಕ ಹೋದರೆ? ತಲೆ ಮೇಲೆ ಕೈ ಹೊತ್ತು ಕೂಡಬೇಡಿರಿ. ಮೊದಲ ತಾಸಿನಲ್ಲೇ 1930ಕ್ಕೆ ಫೋನ್ ಮಾಡಿರಿ. ರೊಕ್ಕ ಇನ್ನೂ ದಾರಿಯಲ್ಲಿದ್ದರೆ ಹಿಡಿದು ನಿಲ್ಲಿಸಬಹುದು. ಆಮೇಲೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ನಕಲಿಗೆ ಸಹಿ ಮೊಹರು ತಗೊಳ್ಳಿರಿ. ಯಾದಗಿರಿಯಲ್ಲಿ ಸಿಇಎನ್ ಪೊಲೀಸ್ ಠಾಣೆ ಇರುವುದು ಇದಕ್ಕಾಗಿಯೇ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದ್ದು ಇದು: ತಪ್ಪು ಬ್ಯಾಂಕಿನದೂ ಅಲ್ಲ, ಗಿರಾಕಿಯದೂ ಅಲ್ಲ, ನಡುವೆ ಎಲ್ಲೋ ತೂತು ಬಿದ್ದಿದ್ದರೆ, ಗಿರಾಕಿಯು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದಲ್ಲಿ ಅವನ ಮೇಲೆ ನಷ್ಟ ಹೊರಿಸುವಂತಿಲ್ಲ. ತಪ್ಪು ಗಿರಾಕಿಯದೇ ಎನ್ನುವುದಾದರೆ ಅದನ್ನು ಸಿದ್ಧಮಾಡಿ ತೋರಿಸುವ ಹೊಣೆ ಬ್ಯಾಂಕಿನದು. ಆದರೆ ನೀವೇ ಪಿನ್ ಅಥವಾ ಓಟಿಪಿ ಹೇಳಿದ್ದರೆ, ದೂರು ಕೊಡುವ ತನಕದ ನಷ್ಟ ನಿಮ್ಮದೇ.

ಕಚೇರಿಗಳಿಗೆ ಒಂದು ಮಾತು

ಕಚೇರಿಯ ಗೋಡೆಗಳ ಮೇಲೆ "ಸೈಬರ್ ವಂಚಕರಿದ್ದಾರೆ, ಎಚ್ಚರಿಕೆ" ಎಂಬ ಫಲಕ ಹಚ್ಚಲಾಗಿದೆ. ಸಂತೋಷ. ಆದರೆ ಜನರಿಗೆ ಎಚ್ಚರ ಹೇಳುವವರು ತಾವು ಎಷ್ಟು ಎಚ್ಚರ ಇದ್ದಾರೆ? 2019ರಲ್ಲಿ ರಾಜ್ಯ ಸರ್ಕಾರದ ಟೆಂಡರ್ ತಾಣಕ್ಕೇ ಕನ್ನ ಬಿದ್ದು, ಗುತ್ತಿಗೆದಾರರಿಗೆ ಮರಳಿ ಕೊಡಬೇಕಾಗಿದ್ದ ಠೇವಣಿ ರೊಕ್ಕದಲ್ಲಿ ಸುಮಾರು 11.5 ಕೋಟಿ ಬೇರೆ ಖಾತೆಗಳಿಗೆ ಹರಿದುಹೋಯಿತು. ಹೆಬ್ಬೆಟ್ಟು ಬೀದಿಗೆ ಬಿದ್ದದ್ದು ಮುದುಕಿಯ ತಪ್ಪಿನಿಂದಲೇ? ಆಕೆ ಸರ್ಕಾರ ಒತ್ತು ಎಂದ ಕಡೆ ಒತ್ತಿದಳು. ಕಾಯಬೇಕಾದವರು ಕಾಯಲಿಲ್ಲ.

ರೊಕ್ಕ ತೆಗೆಯುವ ಯಂತ್ರ ಇಟ್ಟವರ ಪೂರ್ವಾಪರ ಬಿಗಿಯಾಗಿ ವಿಚಾರಿಸಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಆದೇಶ ಮಾಡಿ, 2026ರ ಜನವರಿ 1ರಿಂದ ಜಾರಿಗೆ ಎಂದಿತು. ಇದು ಸ್ವಾಗತಾರ್ಹ. ಆದರೆ ನಮ್ಮ ಬೇಡಿಕೆ ಇನ್ನೂ ಸರಳ. ಕೀಲಿ ಮೊದಲು ಹಾಕಿರಲಿ, ಬೇಕೆಂದವರಿಗೆ ತೆರೆಯಲಿ. ಈಗ ನಡೆದಿರುವುದು ಉಲ್ಟಾ. ಎಲ್ಲರ ಬಾಗಿಲೂ ತೆರೆದಿಟ್ಟು, ಬೇಕಾದವರು ಕೀಲಿ ಹುಡುಕಿಕೊಳ್ಳಿರಿ ಎನ್ನುತ್ತಾರೆ. ಹೊಸ ಮನೆ ಕಟ್ಟಿಸಿದವ ಕದ ಇಲ್ಲದೆ ಕೊಟ್ಟು, ಕದ ಬೇಕಾದವರು ಅರ್ಜಿ ಹಾಕಿರಿ ಅಂದರೆ ಒಪ್ಪುತ್ತೀರೇನು?

ಜಿಲ್ಲಾಡಳಿತಕ್ಕೆ ನಮ್ಮ ವಿನಂತಿ ಇಷ್ಟು. ಯಾದಗಿರಿ, ಶಹಾಪುರ, ಸುರಪುರದ ಸಂತೆ ದಿನ ತಾಲ್ಲೂಕು ಕಚೇರಿ ಮುಂದೆ ಒಂದು ಮೇಜು ಹಾಕಿರಿ. ಒಬ್ಬ ತಿಳಿದ ಸಿಬ್ಬಂದಿ ಕೂಡಲಿ. ಆಧಾರ್‌ಗೆ ಮೊಬೈಲ್ ಜೋಡಿಸುವುದು, ಹೆಬ್ಬೆಟ್ಟಿಗೆ ಲಾಕ್ ಹಾಕುವುದು, ಯಾರಿಗೆ ಲಾಕ್ ಬೇಡ ಎಂಬುದು, ಇಷ್ಟನ್ನೇ ನಮ್ಮ ಮಾತಿನಲ್ಲಿ ತಿಳಿಸಿ ಮಾಡಿಕೊಡಲಿ. ಗೋಡೆಯ ಫಲಕಕ್ಕಿಂತ ಆ ಒಂದು ಮೇಜು ಹೆಚ್ಚು ಕೆಲಸ ಮಾಡುತ್ತದೆ. ಓದಲು ಬಾರದವರಿಗೆ ಫಲಕ ಹಚ್ಚುವುದು ಯಾವ ನ್ಯಾಯ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?

ಇತ್ತ ನಾವು ನೀವು ಅವರ ದಾರಿ ಕಾಯುತ್ತಾ ಕೂಡುವುದು ಬೇಡ. ಹೈದರಾಲಿಯ ಸೈನಿಕರು ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ನುಗ್ಗಲು ನೋಡಿದ್ದು ಹೆಬ್ಬಾಗಿಲಿನಿಂದಲ್ಲ, ಒಬ್ಬ ಮನುಷ್ಯ ತೆವಳುವಷ್ಟು ಸಣ್ಣ ಕಿಂಡಿಯಿಂದ. ಅಲ್ಲಿ ಓಬವ್ವ ಒನಕೆ ಹಿಡಿದು ನಿಂತಿದ್ದಳು, ಕೋಟೆ ಉಳಿಯಿತು. ನಿಮ್ಮ ಅಂಗಡಿಯ ಕಿಂಡಿಗೆ ಯಾರು ನಿಂತಿದ್ದಾರೆ?

ಶಹಾಪುರದ ಕಾಕಾ ಅವತ್ತು ನಕ್ಕರೂ, ನಿನ್ನೆ ಬಸ್ಸಿಗೆ ಹೊರಟವನನ್ನು ಕೂಗಿ ನಿಲ್ಲಿಸಿದರು. "ಏ ಪೇಪರ್ ತಮ್ಮಾ, ಆ ಡಬ್ಬಿ ಕೀಲಿ ಬದಲಿ ಮಾಡ್ಸೀನಿ ನೋಡು. ಚೀಟಿನೂ ಹರಿದು ಒಗದೀನಿ."

"ಬೇಷ್ ಆಯ್ತು ಕಾಕಾ. ಹೊಸದು ಏನು ಇಟ್ಟೀರಿ?" ಅಂದೆ.

"ಅದನ್ನ ನಿನಗ್ಯಾಕ ಹೇಳ್ಲಿ?" ಅಂದರು.

ಸರಿಯಾದ ಉತ್ತರ. ಇವತ್ತು ರಾತ್ರಿ ಶಟರ್ ಜಗ್ಗಿ ನೋಡುವ ಮುಂಚೆ ಉಳಿದ ಸಾಹುಕಾರರೂ ಒಳಗಿನ ಡಬ್ಬಿಯ ಕಡೆ ಒಂದು ಸಲ ತಿರುಗಿ ನೋಡಲಿ.